ನಂದಾಳ ನ್ಯೂರೆಂಬರ್ಗ್

ಸೆಪ್ಟೆಂಬರ್ 17, 2000, ರವಿವಾರ

ನಂದಾ ಹೋಗಿ ಎರಡು ದಿನವಾಯಿತು. ಈ ಡೈರಿ ಜನವರಿಯಲ್ಲಿ ಆಫೀಸಿಗೆ ಸಾಫ್ಟ್‌ವೇರ್ ಮಾರಲು ಬಂದವನೊಬ್ಬ ಹಂಚಿದ್ದು. ಇಷ್ಟು ದಿನ ಡ್ರಾಯರಿನಲ್ಲಿ ಬಿದ್ದಿತ್ತು. ನನಗೆ ಬರೆಯುವ ಚಟವೇನೂ ಇಲ್ಲ. ಆದರೆ ಸಂಜೆ ಮನೆಗೆ ಬಂದು ಮ್ಯಾನೇಜರನನ್ನು ಬಯ್ಯುವಾಗ ಹೂಂಗುಟ್ಟಲು ಒಬ್ಬರು ಬೇಕಲ್ಲ. ರಕ್ಷಾಳ ಮುಂದೆ ಬಯ್ದರೆ ಅವಳು ಮರುದಿನ ಶಾಲೆಯಲ್ಲಿ ಒಪ್ಪಿಸಿ ಬರುತ್ತಾಳೆ.

ನಂದಾಳ ತಂಗಿ ಉಷಾ ಇರುವುದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಗಂಡ ಅಲ್ಲಿ ಎಂಜಿನಿಯರ್. ಗಂಡು ಕೂಸು ಹುಟ್ಟಿದೆ, ನಾಳೆ ತೊಟ್ಟಿಲಿಗೆ ಹಾಕುತ್ತಾರೆ. ಹುಬ್ಬಳ್ಳಿಯಿಂದ ಅತ್ತೆಯವರು ಹೋಗಬೇಕಿತ್ತು, ಅವರಿಗೆ ಮೊಣಕಾಲು ನೋವು. ತವರಿನ ಕಡೆಯವರು ಒಬ್ಬರಾದರೂ ಇರಲಿ ಎಂದು ನಂದಾ ಹತ್ತು ದಿನದ ಮಟ್ಟಿಗೆ ಹೊರಟಳು. ರಕ್ಷಾಗೆ ಈಗಷ್ಟೇ ಒಂದನೇ ಕ್ಲಾಸು ಶುರುವಾಗಿದೆ, ಶಾಲೆ ತಪ್ಪಿಸುವುದು ಬೇಡವೆಂದು ಇಲ್ಲೇ ಉಳಿಸಿಕೊಂಡೆ. ನಾನು ಆಫೀಸಿನಿಂದ ಬರುವವರೆಗೆ ಪಕ್ಕದ ಬ್ಲಾಕಿನ ಪದ್ಮಜಾ ನೋಡಿಕೊಳ್ಳುತ್ತಾರೆ. ಮೈಸೂರಿನವರು, ಮಾತು ನೇರ, ಸಾರು ಸಿಹಿ.

ನಿಜ ಹೇಳಬೇಕೆಂದರೆ ನಂದಾಗೆ ಕೂಸಿನಷ್ಟೇ ಆ ಊರಿನ ಆಸೆಯೂ ಇತ್ತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಒಡೆದ ಗಡಿಗೆ, ತುಕ್ಕು ಹಿಡಿದ ಕತ್ತಿ ಎಂದರೆ ಪ್ರಾಣ ಬಿಡುತ್ತಾಳೆ. ಅಮೇರಿಕಾಕ್ಕೆ, ಈ ನ್ಯೂಜೆರ್ಸಿಯ ಮೆಟುಚೆನ್ನಿಗೆ ಕರೆತಂದ ಮೇಲೆ ನಾನೇನು ಅವಳನ್ನು ಮನೆಯಲ್ಲಿ ಕೂಡಿಹಾಕಿಲ್ಲ. ನಯಾಗರ ತೋರಿಸಿದ್ದೇನೆ, ಅಟ್ಲಾಂಟಿಕ್ ಸಿಟಿ ತೋರಿಸಿದ್ದೇನೆ. ಮ್ಯಾನ್‌ಹಟನ್ನಿನ ದೊಡ್ಡ ಮ್ಯೂಸಿಯಂ ಒಂದು ಬಾಕಿ ಇದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಐದು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ.

ಸೆಪ್ಟೆಂಬರ್ 20, ಬುಧವಾರ

ಅನ್ನ ಮುದ್ದೆಯಾಯಿತು. ರಕ್ಷಾಳ ಜಡೆ ಒಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಕೆಳಗೆ ಬಂತು. ಅವಳು ಕನ್ನಡಿ ನೋಡಿಕೊಂಡು, ಟೊಪ್ಪಿಗೆ ಹಾಕಿಕೊಂಡು ಶಾಲೆಗೆ ಹೋದಳು. ಬೈದಿದ್ದರೂ ಚೆನ್ನಾಗಿತ್ತು.

ಕಾಲಿಂಗ್ ಕಾರ್ಡಿನಲ್ಲಿ ನ್ಯೂರೆಂಬರ್ಗಿಗೆ ಫೋನ್ ಮಾಡಿದೆ. ತೊಟ್ಟಿಲು ಚೆನ್ನಾಗಿ ಆಯಿತಂತೆ. ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ ಎಂದು ನಂದಾ ಕೇಳಿದಳು. ಇಲ್ಲಿ ಎಲ್ಲಾ ಬರಾಬರಿ ಐತಿ, ನೀ ಚಿಂತಿ ಮಾಡಬ್ಯಾಡ ಎಂದೆ.

ಸೆಪ್ಟೆಂಬರ್ 24, ರವಿವಾರ

ಇವತ್ತು ಅವಳು ಬರಬೇಕಿತ್ತು. ಬೆಳಿಗ್ಗೆ ಎದ್ದು ಬಾತ್‌ರೂಮು ತೊಳೆದೆ, ಮೂರು ದಿನದ ಪಾತ್ರೆ ತಿಕ್ಕಿದೆ. ವಿಮಾನ ನಿಲ್ದಾಣಕ್ಕೆ ಹಾಕಿಕೊಳ್ಳಲು ರಕ್ಷಾ ತಾನೇ ಆರಿಸಿ ಒಂದು ಫ್ರಾಕು ತೆಗೆದಿಟ್ಟಿದ್ದಳು. ಅಷ್ಟರಲ್ಲಿ ಫ್ರಾಂಕ್‌ಫರ್ಟಿನಿಂದ ಫೋನ್ ಬಂತು.

"ಇವ್ರು ನನ್ನ ವಿಮಾನ ಹತ್ತಿಸಿಕೊಳ್ಳವಲ್ರು. ವೀಸಾ ಮುಗದೈತಿ ಅಂತಾರ. ನೀವು ಕೊಟ್ಟ ಕಾಗದ ತೋರಿಸಿದೆ. ಅದು ಇಲ್ಲಿ ನಡಿಯೂದಿಲ್ಲ ಅಂದ್ರು."

ವಿಷಯ ಇಷ್ಟು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾದ ಅವಧಿ ಮಾರ್ಚಿಗೇ ಮುಗಿದಿದೆ. ಈ ದೇಶದ ಒಳಗೇ ಇರುವವರಿಗೆ ಅದು ಬೇಕಾಗುವುದಿಲ್ಲ, ಅವಧಿ ಮುಂದುವರಿಸಿದ ಕಾಗದವೊಂದಿದ್ದರೆ ಸಾಕು. ಆದರೆ ಹೊರಗೆ ಕಾಲಿಟ್ಟರೆ, ಮರಳಿ ಬರಲು ಹೊಸ ವೀಸಾ ಒತ್ತಿಸಿಕೊಳ್ಳಲೇಬೇಕು. ಬೇಸಿಗೆಯಲ್ಲಿ ನಯಾಗರಕ್ಕೆ ಹೋದಾಗ ಸೇತುವೆ ದಾಟಿ ಕೆನಡಾ ಬದಿಯನ್ನೂ ನೋಡಿ, ಇದೇ ಕಾಗದ ತೋರಿಸಿ ವಾಪಸು ಬಂದಿದ್ದೆವು. ಅದೇ ಧೈರ್ಯದ ಮೇಲೆ ಕಾಗದ ಸಾಕು ಎಂದು ಅವಳನ್ನು ಕಳಿಸಿದ್ದೆ. ಕೆನಡಾಕ್ಕೆ ಬೇರೆ ನಿಯಮ, ಉಳಿದ ಲೋಕಕ್ಕೆ ಬೇರೆ ನಿಯಮ ಎಂದು ಈಗ ತಿಳಿಯಿತು. ಹೊರಡುವ ಮೊದಲು ನಂದಾ ಎರಡು ಸಲ ಕೇಳಿದ್ದಳು. ಎರಡು ಸಲವೂ ನಕ್ಕಿದ್ದೆ. ಈ ಅಪಾರ್ಟ್‌ಮೆಂಟಿನ ಕನ್ನಡದವರಿಗೆಲ್ಲ ವೀಸಾದ ಸಲಹೆ ಕೊಡುವವನು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ನಂದಾ ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಉಷಾಳ ಮನೆಗೇ ರೈಲಿನಲ್ಲಿ ವಾಪಸು ಹೋಗುತ್ತೇನೆ ಎಂದಳು. ರಕ್ಷಾಗೆ ಏನು ಹೇಳುತ್ತೀರಿ ಎಂದು ಕೇಳಿ ಫೋನ್ ಇಟ್ಟಳು.

ರಕ್ಷಾ ಫ್ರಾಕು ಹಾಕಿಕೊಂಡೇ ದಿನವಿಡೀ ಟಿವಿ ನೋಡಿದಳು.

ಸೆಪ್ಟೆಂಬರ್ 27, ಬುಧವಾರ

ಫ್ರಾಂಕ್‌ಫರ್ಟಿನ ಅಮೇರಿಕನ್ ಕಾನ್ಸುಲೇಟಿನಲ್ಲಿ ಅರ್ಜಿ ಕೊಟ್ಟಿದ್ದಾಳೆ. ಭಾರತದವರಿಗೆ ಜರ್ಮನಿಯಲ್ಲಿ ವೀಸಾ ಕೊಡಲೇಬೇಕೆಂದೇನಿಲ್ಲವಂತೆ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಚೆನ್ನೈಗೆ ಹೋಗಬೇಕು, ಅಲ್ಲಿ ಎಷ್ಟು ದಿನವೋ ದೇವರೇ ಬಲ್ಲ. ಮದುವೆಯ ಸರ್ಟಿಫಿಕೇಟು, ಮದುವೆಯ ಫೋಟೋ ಎಲ್ಲ ಕೇಳಿದ್ದಾರೆ. ಕೊರಿಯರ್ ಮಾಡಲು ಆಲ್ಬಮ್ ತೆಗೆದೆ.

ಒಂದು ಫೋಟೋದಲ್ಲಿ ನಾನು ಹಣೆಗೆ ಮದುವೆಯ ದಂಡೆ ಕಟ್ಟಿಕೊಂಡು ಕ್ಯಾಮೆರಾ ನೋಡುತ್ತಾ ನಿಂತಿದ್ದೇನೆ. ನಂದಾ ನನ್ನನ್ನು ನೋಡುತ್ತಿದ್ದಾಳೆ. ಈ ಆಲ್ಬಮನ್ನು ಬಂದವರಿಗೆಲ್ಲ ಎಷ್ಟು ಸಲ ತೋರಿಸಿದ್ದೇನೋ, ಇದನ್ನು ನೋಡಿಯೇ ಇರಲಿಲ್ಲ. ಸರ್ಕಾರದವರಿಗೆ ಇಬ್ಬರ ಮುಖವೂ ಸರಿಯಾಗಿ ಕಾಣಬೇಕು, ಆದ್ದರಿಂದ ಬೇರೆಯವನ್ನು ಕಳಿಸಿ ಇದನ್ನು ಇಟ್ಟುಕೊಂಡೆ.

ಅಕ್ಟೋಬರ್ 1, ರವಿವಾರ

ನಂದಾ ಸುಮ್ಮನೆ ಕೂರುವ ಪೈಕಿ ಅಲ್ಲ. ದಿನಾ ಹೊರಗೆ ಹೋಗುತ್ತಾಳೆ. ನಿನ್ನೆ ಊರ ನೆತ್ತಿಯ ಮೇಲಿನ ಕೋಟೆ ನೋಡಿಬಂದಳಂತೆ. ಬಂಡೆಯನ್ನು ಕೊರೆದು ಮಾಡಿದ ಬಾವಿ ಇದೆಯಂತೆ. ತೋರಿಸುವ ಹೆಂಗಸು ಒಂದು ತಂಬಿಗೆ ನೀರು ಸುರಿದು ಎಲ್ಲರೂ ಸುಮ್ಮನಿರಿ ಎಂದಳಂತೆ. ಎಲ್ಲರೂ ಉಸಿರು ಹಿಡಿದು ನಿಂತು, ಇನ್ನೇನು ಬಾವಿಗೆ ತಳವೇ ಇಲ್ಲ ಎನ್ನುವಷ್ಟರಲ್ಲಿ ಕೆಳಗಿನಿಂದ ಸಪ್ಪಳ ಬಂತಂತೆ. ಇದನ್ನು ಹೇಳುವಾಗ ಅವಳ ದನಿ ಕಾಲೇಜು ಹುಡುಗಿಯದರಂತಿತ್ತು. ಮೆಟುಚೆನ್ನಿನಲ್ಲಿ ಆ ದನಿ ನಾನು ಕೇಳಿಲ್ಲ.

ಒಳ್ಳೆಯದೇ. ಕಷ್ಟದಲ್ಲಿ ಬಿದ್ದವಳು ಅಳುತ್ತಾ ಕೂತಿದ್ದರೆ ನನಗೆ ಇನ್ನೂ ಸಂಕಟವಾಗುತ್ತಿತ್ತು. ಆದರೂ ಒಂದು ಮಾತಿಗಾದರೂ ನಿಮ್ಮ ನೆನಪಾಗುತ್ತದೆ ಎನ್ನಬಹುದಿತ್ತು. ನಾನೂ ಅನ್ನಲಿಲ್ಲ, ಅದು ಬೇರೆ. ನಮ್ಮ ಕಡೆ ಗಂಡಸರು ಅಂಥದ್ದನ್ನೆಲ್ಲ ಹೇಳುವುದಿಲ್ಲ. ನಮ್ಮಪ್ಪ ಅವ್ವನಿಗೆ ಜೀವಮಾನವಿಡೀ ಹೇಳಿದ ಪ್ರೀತಿಯ ಮಾತೆಂದರೆ "ಉಂಡಿಯೇನು" ಒಂದೇ.

ರಕ್ಷಾಳ ಜಡೆ ಈಗ ಎರಡೂ ಒಂದೇ ಮಟ್ಟಕ್ಕೆ ಬರುತ್ತಿವೆ.

ಅಕ್ಟೋಬರ್ 3, ಮಂಗಳವಾರ

ಲೈಬ್ರರಿಯಿಂದ ಜರ್ಮನಿಯ ಪ್ರವಾಸದ ಪುಸ್ತಕ ತಂದೆ. ಬೇಕೆಂದು ತಂದಿದ್ದಲ್ಲ, ರಕ್ಷಾಗೆ ಚಿತ್ರದ ಪುಸ್ತಕ ತರಲು ಹೋದಾಗ ಎದುರಿಗಿತ್ತು. ಅದರಲ್ಲಿ ನ್ಯೂರೆಂಬರ್ಗಿನ ನಕ್ಷೆ ಇದೆ. ನಡುವೆ ಪೆಗ್ನಿಟ್ಸ್ ಎಂಬ ಹೊಳೆ, ಸುತ್ತ ಹಳೆಯ ಕೋಟೆ ಗೋಡೆ. ಉಷಾಳ ಮನೆ ಗೋಡೆಯ ಹೊರಗೆ, ರೈಲು ನಿಲ್ದಾಣದ ಹಿಂದೆ. ನಂದಾ ದಿನಾ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾಳೆ ಎಂದು ರಕ್ಷಾಗೆ ಪೆನ್ಸಿಲಿನಲ್ಲಿ ತೋರಿಸಿದೆ. ಲೈಬ್ರರಿ ಪುಸ್ತಕದ ಮೇಲೆ ಬರೆಯಬಾರದು ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದಳು.

ರೈಲಿನಲ್ಲಿ ಆಫೀಸಿಗೆ ಹೋಗುವಾಗಲೂ ಅದನ್ನೇ ಓದಿದೆ. ಸೀಕಾಕಸ್‌ನ ಜೌಗು ಬಯಲು ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರಾಣೇಶ ಯಾವ ಟೆಕ್ನಾಲಜಿ ಕಲೀತಿದೀಯ ಎಂದು ಇಣುಕಿ ನೋಡಿದ. ನನ್ನದೇ ಆಫೀಸಿನವನು, ಮೈಸೂರು ಕಡೆಯವನು. ಹೋದ ವರ್ಷ ಬಾಯಿ ಬಿಟ್ಟರೆ ಡಾಟ್‌ಕಾಮ್ ಷೇರಿನ ಮಾತಾಡುತ್ತಿದ್ದ. ಷೇರು ಕುಸಿದ ಮೇಲೆ ಈಗ ಹವಾಮಾನದ ಮಾತಾಡುತ್ತಾನೆ.

ಅಕ್ಟೋಬರ್ 5, ಗುರುವಾರ

ಕಾನ್ಸುಲೇಟಿನಿಂದ ಸುದ್ದಿ ಇಲ್ಲ.

ನಂದಾ ಇವತ್ತು ದೊಡ್ಡ ಮ್ಯೂಸಿಯಮ್ಮಿಗೆ ಹೋಗಿದ್ದಳು. ಪುಸ್ತಕದಲ್ಲಿ ನಾನು ಆ ಪುಟಕ್ಕೆ ಇನ್ನೂ ಬಂದಿರಲಿಲ್ಲ.

"ಏನ್ರಿ, ಇಲ್ಲೊಂದು ಭೂಗೋಲ ಐತಿ, ಮಣ್ಣಿನ ಬಣ್ಣದ್ದು. ಈಗ ಉಳಿದಿರೋದರಾಗ ಇದರಷ್ಟು ಹಳೇದು ಎಲ್ಲೂ ಇಲ್ಲಂತ. ಅದನ್ನ ಮಾಡಿದಾಗ ಅಮೇರಿಕಾ ಐತಿ ಅಂತ ಇವರಿಗೆ ಇನ್ನೂ ಗೊತ್ತಽ ಇರಲಿಲ್ಲ. ಸುತ್ತು ಹಾಕಿ ಹಾಕಿ ಹುಡುಕಿದೆ. ನೀವು, ರಕ್ಷಾ, ಇಬ್ಬರೂ ಸಮುದ್ರದಾಗ ಇದ್ದೀರಿ."

ನಾನು ನಕ್ಕು, ಹಾಗಾದರೆ ಮನೆ ಬಾಡಿಗೆ ಕಟ್ಟುವುದು ಬೇಡ ಎಂದೆ. ಅವಳು ನಗಲಿಲ್ಲ. ರಕ್ಷಾ ಮಲಗಿದಳೇನು ಎಂದು ಕೇಳಿದಳು. ಅವಳು ಚೆನ್ನಾಗಿದ್ದಾಳೆ, ನಿನ್ನ ನೆನಪೇ ತೆಗೆಯುವುದಿಲ್ಲ, ನೀನು ಆರಾಮಾಗಿ ಎಲ್ಲ ನೋಡು ಎಂದೆ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಅವಳಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ರಕ್ಷಾ ದಿನಾ ಅವಳ ದಿಂಬಿನ ಮೇಲೇ ಮಲಗುತ್ತಾಳೆ.

ಫೋನ್ ಇಟ್ಟ ಮೇಲೆ ಪುಸ್ತಕದಲ್ಲಿ ಆ ಪುಟ ಹುಡುಕಿದೆ. ಅವಳಿರುವ ಊರಿನ ಲೋಕದಲ್ಲಿ ನಾವಿಲ್ಲ. ಯಾರೋ ಅರಿಯದೆ ಮಾಡಿದ ಗೋಲ ಎಂದು ಗೊತ್ತಿದ್ದರೂ ಸಮಾಧಾನವಾಗಲಿಲ್ಲ.

ಅಕ್ಟೋಬರ್ 7, ಶನಿವಾರ

ದಸರಾ. ನಮ್ಮಲ್ಲಿ ಇವತ್ತು ಬನ್ನಿ ಎಲೆ ಹಂಚಿ, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಹಿರಿಯರ ಕಾಲು ಮುಟ್ಟುತ್ತಾರೆ. ನ್ಯೂಜೆರ್ಸಿಯಲ್ಲಿ ಬನ್ನಿ ಎಲ್ಲಿಂದ ಬರಬೇಕು. ಪ್ರತಿ ವರ್ಷ ನಂದಾ ಯಾವುದೋ ಗಿಡದ ಎಲೆ ಕಿತ್ತುತರುತ್ತಿದ್ದಳು, ನಾನು ಗೇಲಿ ಮಾಡುತ್ತಿದ್ದೆ. ಈ ಸಲ ನಾನೂ ರಕ್ಷಾಳೂ ಸ್ಟೇಷನ್ ಹತ್ತಿರದ ಮರದ ಕೆಳಗಿಂದ ಹಳದಿ ಎಲೆಗಳನ್ನು ಆರಿಸಿದೆವು. ನಿಜವಾಗಿ ಬಂಗಾರದ ಬಣ್ಣ. ಪದ್ಮಜಾ ಮನೆಗೂ ಕೊಟ್ಟೆವು. ಮೈಸೂರಿನವರಿಗೆ ಬನ್ನಿ ಪೂಜೆ ಗೊತ್ತು, ಹೀಗೆ ಹಂಚುವ ರೂಢಿ ಇಲ್ಲ, ಪದ್ಮಜಾ ಎಲೆಯನ್ನು ಎರಡೂ ಬದಿ ತಿರುಗಿಸಿ ನೋಡಿ ದೇವರ ಮುಂದೆ ಇಟ್ಟರು.

ನ್ಯೂರೆಂಬರ್ಗಿನ ಪಾಲಿನ ಎರಡು ಎಲೆ ಪುಸ್ತಕದ ನಡುವೆ ಇಟ್ಟಿದ್ದೇನೆ.

ಅಕ್ಟೋಬರ್ 11, ಬುಧವಾರ

ವೀಸಾ ಬಂತು. ಪಾಸ್‌ಪೋರ್ಟು ಟಪಾಲಿನಲ್ಲಿ ಉಷಾಳ ಮನೆಗೇ ಬಂದಿದೆ. ಆಫೀಸಿನಲ್ಲಿ ನಂದಾಳ ಫೋನಿನಲ್ಲಿ ಸುದ್ದಿ ಕೇಳಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಯಾವಾಗಿನ ಟಿಕೆಟ್ ಮಾಡಿಸಲಿ ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಂದಾ ಹೇಳಿದಳು. ಉಷಾಳ ಗಂಡ ಕಂಪನಿ ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದಾನಂತೆ. ಅವನು ಬರುವವರೆಗೆ, ತಿಂಗಳ ಕೊನೆತನಕ ಇರು ಅಕ್ಕಾ ಎಂದು ಉಷಾ ಹಟ ಹಿಡಿದಿದ್ದಾಳಂತೆ. ಜರ್ಮನಿಯ ವೀಸಾ ಹೇಗೂ ಮೂರು ತಿಂಗಳಿನದು. "ಏನ್ ಮಾಡ್ಲಿ? ನೀವು ಹೇಳ್ರಿ" ಎಂದಳು.

ಕೋಟೆ ಬಾವಿಯ ಕಥೆ ಹೇಳಿದ ಆ ದನಿ ನೆನಪಾಯಿತು. ಐದು ವರ್ಷ ಮೆಟುಚೆನ್ನಿನಲ್ಲಿ ಕಂಡಿದ್ದು ಕಾಸ್ಟ್‌ಕೊ ಅಂಗಡಿ ಮತ್ತು ಇಂಡಿಯನ್ನರ ಓಕ್ ಟ್ರೀ ರಸ್ತೆ. ಈಗ ಎಲ್ಲೋ ಸಿಕ್ಕ ಸಂತೋಷವನ್ನು ಕಿತ್ತುಕೊಂಡು ಬಾ ಎನ್ನಲು ನಾನು ಯಾರು. ಅಲ್ಲದೆ ಅವಳಿಗೆ ಬರಬೇಕೆಂದಿದ್ದರೆ ಕೇಳುತ್ತಲೇ ಇರಲಿಲ್ಲ, ಬರುತ್ತೇನೆ ಎನ್ನುತ್ತಿದ್ದಳು. ಇಷ್ಟನ್ನೂ ಅವಳಿಗೆ ಹೇಳಲಿಲ್ಲ.

"ನಿನ್ನಿಷ್ಟ" ಎಂದೆ.

"ಹಂಗಾದ್ರ ಇರ್ತೀನ್ರಿ" ಎಂದಳು.

ನಾನು ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡಿದ್ದೇನೆ. ದೊಡ್ಡ ಮನಸ್ಸು ಮಾಡಿದವನಿಗೆ ಊಟ ಸೇರಬೇಕಲ್ಲವೇ. ಸೇರಲಿಲ್ಲ.

ಅಕ್ಟೋಬರ್ 15, ರವಿವಾರ

ರಕ್ಷಾಳನ್ನು ಕರೆದುಕೊಂಡು ಮ್ಯಾನ್‌ಹಟನ್ನಿನ ದೊಡ್ಡ ಮ್ಯೂಸಿಯಮ್ಮಿಗೆ ಹೋಗಿದ್ದೆ. ರೈಲು, ಆಮೇಲೆ ಸಬ್‌ವೇ, ಆಮೇಲೆ ನಡಿಗೆ. ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಒಂದು ದೊಡ್ಡ ಕೋಣೆಯ ತುಂಬ ಉಕ್ಕಿನ ಅಂಗಿಗಳು, ಉಕ್ಕಿನ ಕುದುರೆಗಳು. ರಕ್ಷಾ ಒಂದೊಂದರ ಮುಂದೂ ನಿಂತು ಇದರೊಳಗೆ ಮನುಷ್ಯ ಇದ್ದಾನಾ ಎಂದು ಕೇಳಿದಳು. ಒಂದು ಅಂಗಿಯ ಕೆಳಗಿನ ಚೀಟಿಯಲ್ಲಿ ನ್ಯೂರೆಂಬರ್ಗ್ ಎಂದಿತ್ತು. ನಮ್ಮೂರಿನ ಬಸ್ಸು ಬೇರೆ ಊರಿನಲ್ಲಿ ಕಂಡ ಹಾಗಾಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕನಿಗೆ, ಆ ಊರಿನಲ್ಲಿ ಲೋಹದ ಕೆಲಸದವರು ಬಹಳ, ಹೊಳೆಯ ದಂಡೆಗೆ ಅವರ ಓಣಿಗಳಿದ್ದವು ಎಂದೆಲ್ಲ ಹೇಳಿದೆ. ಅವನು ನೀನು ಅಲ್ಲಿಯವನೇ ಎಂದು ಕೇಳಿದ. ನನ್ನ ಹೆಂಡತಿ ಅಲ್ಲಿದ್ದಾಳೆ ಎಂದೆ. ಹೇಳಿದ ಮೇಲೆ ಚೀಟಿ ಓದುವ ನೆಪ ಮಾಡಿದೆ. ನಂದಾ ಇದ್ದಿದ್ದರೆ ಆ ಒಂದು ಕೋಣೆಯಲ್ಲೇ ಸಂಜೆ ಮಾಡುತ್ತಿದ್ದಳು. ನಾನು ಕುಂಯ್ ಕುಂಯ್ ಎನ್ನುತ್ತಾ ಗಡಿಯಾರ ನೋಡುತ್ತಿದ್ದೆ. ಇವತ್ತು ನೋಡುತ್ತಿರಲಿಲ್ಲ.

ಫೋನಿನಲ್ಲಿ ಈ ಸುದ್ದಿ ನಾನೇ ಹೇಳಬೇಕೆಂದಿದ್ದೆ. ರಕ್ಷಾ ಫೋನ್ ಕಸಿದುಕೊಂಡು ಎಲ್ಲ ಒದರಿದಳು. ಅಪ್ಪನಿಗೆ ಎಲ್ಲ ಗೊತ್ತಿತ್ತು, ವಿ ಹ್ಯಾಡ್ ಸೋ ಮಚ್ ಫನ್, ಐಸ್‌ಕ್ರೀಮ್ ತಿಂದೆವು ಎಂದಳು. ಆಮೇಲೆ ಫೋನ್ ನನ್ನ ಕೈಗೆ ಬಂತು.

"ಛಲೋ ಆತು ಬಿಡ್ರಿ" ಎಂದಳು ನಂದಾ. "ನಾ ಇಲ್ಲದಿದ್ರೂ ನಿಮಗ ನಡೀತೈತಿ."

ನಡೆಯದೆ ಏನು ಮಾಡುತ್ತದೆ ಎಂದೆ. ಏನು ತಪ್ಪು ಹೇಳಿದೆನೋ ತಿಳಿಯದು, ಮಾತು ಅಲ್ಲಿಗೇ ನಿಂತಿತು.

ಅಕ್ಟೋಬರ್ 16, ಸೋಮವಾರ

ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಅಕ್ಟೋಬರ್ 17, ಮಂಗಳವಾರ

ಸಂಜೆ ರಕ್ಷಾಳನ್ನು ಕರೆತರಲು ಹೋದಾಗ ಪದ್ಮಜಾ ಕಾಫಿ ಕೊಟ್ಟು ಕೂರಿಸಿದರು. ವೀಸಾ ಬಂದು ಇಷ್ಟು ದಿನವಾದರೂ ನಂದಾ ಯಾಕೆ ಬಂದಿಲ್ಲ ಎಂದು ಕೇಳಿದರು. ಅವಳಿಗೆ ಅಲ್ಲಿ ಇಷ್ಟವಾಗಿದೆ, ದಿನಕ್ಕೊಂದು ಮ್ಯೂಸಿಯಂ ನೋಡುತ್ತಿದ್ದಾಳೆ, ನಾನೇ ನಿನ್ನಿಷ್ಟ ಎಂದು ಹೇಳಿದೆ ಎಂದೆ.

ಪದ್ಮಜಾ ಲೋಟ ಕೆಳಗಿಟ್ಟರು. "ಶಶಿಧರ್, ಮಗೂನ ಬಿಟ್ಟು ಹೋದ ತಾಯಿಗೆ ನಿನ್ನಿಷ್ಟ ಅಂತ ಹೇಳ್ತಾರೇನ್ರೀ? ನಮ್ಮನೆಯವ್ರು ನಂಗೆ ಹಾಗಂದಿದ್ರೆ ನಾನು ದೀಪಾವಳಿಗೂ ಬರ್ತಿರ್ಲಿಲ್ಲ."

ವೀಸಾದ ಬಗ್ಗೆ ಲೋಕಕ್ಕೆಲ್ಲ ಬುದ್ಧಿ ಹೇಳಿದವನು ಈಗ ಎಲ್ಲರಿಂದಲೂ ಹೇಳಿಸಿಕೊಳ್ಳುವ ಸರದಿ. ಕಾಫಿ ಕುಡಿದು ಎದ್ದೆ. ನಂದಾಳ ಮನಸ್ಸು ಇವರಿಗೇನು ಗೊತ್ತು ಎಂದು ದಾರಿಯುದ್ದಕ್ಕೂ ಗೊಣಗಿದೆ. ಗೊತ್ತಿದ್ದರೂ ಇರಬಹುದು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಅಕ್ಟೋಬರ್ 18, ಬುಧವಾರ

ಆಫೀಸಿಗೆ ಹೋದ ಕೂಡಲೇ ಕಾರ್ಡು ತೆಗೆದು ನ್ಯೂರೆಂಬರ್ಗಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಎತ್ತಿದವಳು ಉಷಾ. ಹಿಂದೆ ಕೂಸು ಅಳುತ್ತಿತ್ತು. ಅಕ್ಕ ಹೊರಗೆ ಹೋಗಿದ್ದಾಳೆ ಎಂದಳು. ಇವತ್ತು ಯಾವ ಮ್ಯೂಸಿಯಂ ಎಂದು ಕೇಳಿದೆ. ನನ್ನ ಮಾತಿನಲ್ಲಿ ಸ್ವಲ್ಪ ಚುಚ್ಚು ಇತ್ತೆಂದು ತೋರುತ್ತದೆ, ಯಾಕೆಂದರೆ ಉಷಾಗೆ ಸಿಟ್ಟು ಬಂತು.

"ಎಲ್ಲಾ ನೋಡಿ ಮುಗದು ಭಾಳ ದಿನ ಆತು ಭಾವ. ಈಗ ದಿನಾ ಆ ಆಟಿಗಿ ಸಾಮಾನಿನ ಮ್ಯೂಸಿಯಂಗ ಹೋಗಿ ಕುಂದರ್ತಾಳ. ಅಲ್ಲಿ ರಕ್ಷಾನ ವಯಸ್ಸಿನ ಹುಡುಗೂರು ಬರ್ತಾವಂತ. ಮನ್ಯಾಗ ನಮ್ಮ ಕೂಸು ಅತ್ತರ ಅಕಿಗೆ ತಡಕೊಳ್ಳಾಕ ಆಗೂದಿಲ್ಲ. ಮೊದಲನೇ ದಿನದಿಂದಾನೂ ಹಂಗಽ. ಇದು ಅಳಾಕ ಹತ್ತಿದ್ರ ಚಪ್ಪಲಿ ಮೆಟ್ಟಿ ಹೊರಗ ಬೀಳ್ತಾಳ. ನಿಮಗ ಹೇಳಬ್ಯಾಡ ಅಂದಾಳ."

ಮತ್ತೆ ಯಾಕೆ ಉಳಿದಳು ಎಂದು ಕೇಳಿದೆ.

"ನಾನು ಹಟ ಮಾಡಿದ್ದು ಖರೆ. ಆದ್ರ ಅಕಿ ನಿಮ್ಮನ್ನ ಯಾಕ ಕೇಳಿದ್ಲು? ನೀವು ಇರೂದು ಬ್ಯಾಡ, ಬಾ ಅಂತೀರಿ, ಆಗ ನನಗ ಇಲ್ಲ ಅನ್ನೂದು ಸುಲಭ ಆಗತೈತಿ ಅಂತ. ನೀವು ನಿನ್ನಿಷ್ಟ ಅಂದ್ರಿ. ಅವತ್ತ ರಾತ್ರಿ ಉಣ್ಣಲಿಲ್ಲ ಅಕಿ."

ಏನು ಹೇಳಿ ಫೋನ್ ಇಟ್ಟೆನೋ ನೆನಪಿಲ್ಲ. ನ್ಯೂರೆಂಬರ್ಗಿನ ನಕ್ಷೆ ನನಗೆ ಬಾಯಿಪಾಠವಾಗಿದೆ. ಆ ಓಣಿಗಳಲ್ಲೆಲ್ಲ ಅವಳು ಖುಷಿಯಿಂದ ಓಡಾಡುತ್ತಿದ್ದಾಳೆ ಎಂದು ಬೆರಳಿಟ್ಟು ಹಿಂಬಾಲಿಸಿದ್ದೆ. ಅವಳು ಒಂದು ಕೂಸಿನ ಅಳು ಕೇಳಲಾಗದೆ ಓಡುತ್ತಿದ್ದಳು. ನನ್ನ ಸಂಕಟ ಮುಚ್ಚಿಡಲು ನಾನು ಎಲ್ಲಾ ಬರಾಬರಿ ಎಂದೆ, ತನ್ನದು ಮುಚ್ಚಿಡಲು ಅವಳು ಕೋಟೆ ಬಾವಿಯ ಕಥೆ ಹೇಳಿದಳು.

ಹನ್ನೆರಡರವರೆಗೆ ಒಂದು ಸಾಲು ಕೋಡ್ ಬರೆಯಲಿಲ್ಲ. ಆಮೇಲೆ ಮತ್ತೆ ಫೋನ್ ಮಾಡಿದೆ. ಈ ಸಲ ಅವಳೇ ಎತ್ತಿದಳು. ಏನು ಇಷ್ಟು ಹೊತ್ತಿನಲ್ಲಿ, ರಕ್ಷಾಗೆ ಆರಾಮಿಲ್ಲವೇ ಎಂದು ಗಾಬರಿಯಾದಳು.

"ರಕ್ಷಾ ಆರಾಮ ಅದಾಳ" ಎಂದೆ. "ನನಗ ಆರಾಮಿಲ್ಲ. ನೀ ಬಾ, ನಂದಾ."

ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಹೇಳಿದೆ. ನೀನಿಲ್ಲದೆ ಇರಲು ಆಗುತ್ತಿಲ್ಲ, ರಕ್ಷಾ ನಿನ್ನ ದಿಂಬಿನ ಮೇಲೆ ಮಲಗುತ್ತಾಳೆ, ನೆನಪು ತೆಗೆಯುವುದಿಲ್ಲ ಎಂದದ್ದು ಸುಳ್ಳು ಎಂದೆ. ಸುತ್ತಲಿನ ಅಮೇರಿಕನ್ನರಿಗೆ ಕನ್ನಡ ಬಾರದ್ದು ಪುಣ್ಯ. ಆದರೆ ಪಕ್ಕದ ಕ್ಯೂಬಿಕಲ್ಲಿನಲ್ಲಿ ಪ್ರಾಣೇಶನ ಕೀಬೋರ್ಡಿನ ಸದ್ದು ನಿಂತಿತ್ತು.

ಕೊನೆಗೆ ನಂದಾ ಮೂಗು ಒರೆಸಿಕೊಂಡು, "ಮೊದಲಽ ಇಷ್ಟು ಅಂದಿದ್ರ ಏನಾಗ್ತಿತ್ರಿ ನಿಮಗ?" ಎಂದಳು.

ಏನೂ ಆಗುತ್ತಿರಲಿಲ್ಲ. ಉಷಾಳ ಗಂಡ ಬರುವವರೆಗೆ ಪಕ್ಕದ ಮನೆಯ ಅಜ್ಜಿ ಜೊತೆಗಿರುತ್ತಾರಂತೆ, ಅದನ್ನು ಉಷಾಳೇ ಹೇಳಿದಳು. ಶನಿವಾರದ ಟಿಕೆಟ್ ಸಿಕ್ಕಿತು.

ಅಕ್ಟೋಬರ್ 21, ಶನಿವಾರ

ನಂದಾ ಒಳಗೆ ಸ್ನಾನ ಮಾಡುತ್ತಿದ್ದಾಳೆ. ಅಷ್ಟರಲ್ಲಿ ಇಷ್ಟು ಬರೆಯುತ್ತೇನೆ.

ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಅವಳು ಹೊರಗೆ ಬಂದಾಗ ಮೊದಲು ನನಗೆ ಗುರುತೇ ಹತ್ತಲಿಲ್ಲ, ಅಷ್ಟು ಸೊರಗಿದ್ದಾಳೆ. ಟ್ರಾಲಿ ಬಿಟ್ಟು, ಬಗ್ಗಿ ಎರಡೂ ಕೈ ಚಾಚಿದಳು. ಬೆಳಗಿನಿಂದ ಅಮ್ಮ ಅಮ್ಮ ಎಂದು ಕುಣಿಯುತ್ತಿದ್ದ ರಕ್ಷಾ ಹೋಗಲಿಲ್ಲ. ನನ್ನ ಕಾಲಿಗೆ ಅಂಟಿಕೊಂಡು ಪ್ಯಾಂಟು ಹಿಡಿದು ನಿಂತಳು.

"ಯೂ ಸೆಡ್ ಟೆನ್ ಡೇಸ್" ಎಂದಳು.

ನಂದಾ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು. ವೀಸಾದ ಕಥೆ ಹೇಳಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಹೌದು, ಅಂದಿದ್ದೆ ಎಂದಳು. ಜನ ನಮ್ಮನ್ನು ಸುತ್ತಿ ಟ್ರಾಲಿ ದೂಡಿಕೊಂಡು ಹೋಗುತ್ತಿದ್ದರು. ಇಷ್ಟು ವಾರ ನನ್ನ ಹಂಬಲವನ್ನೇ ದೊಡ್ಡದು ಮಾಡಿಕೊಂಡು ಈ ಪುಟಗಳನ್ನು ತುಂಬಿಸಿದ್ದೇನೆ. ಅವಳ ಮುಖ ನೋಡಿದ ಮೇಲೆ ಅದು ಏನೂ ಅಲ್ಲ ಎನ್ನಿಸಿತು.

ಕಾರಿನಲ್ಲಿ ಇಬ್ಬರೂ ಹಿಂದೆ ಕೂತರು, ನಡುವೆ ಒಂದು ಆಳಿನಷ್ಟು ಜಾಗ ಬಿಟ್ಟು. ನಾನು ಕನ್ನಡಿಯಲ್ಲಿ ನೋಡುತ್ತಾ ಡ್ರೈವ್ ಮಾಡಿದೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ರಕ್ಷಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಟೋಲ್ ದಾಟುವಾಗ ಇತ್ತ ಸರಿದಿದ್ದಳು. ಮೆಟುಚೆನ್ನಿನ ರೈಲು ಸೇತುವೆಯ ಕೆಳಗೆ ಬರುವಷ್ಟರಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಂದಾ ಅವಳ ತಲೆ ಮುಟ್ಟಲು ಹೆದರಿದವಳಂತೆ ಕೈಯನ್ನು ಸ್ವಲ್ಪ ಮೇಲೇ ಹಿಡಿದಿದ್ದಳು.

ಮನೆಯ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ. ಬಾಗಿಲು ತೆರೆಯಲು ಹೋದಾಗ ನಂದಾ ಬೇಡ ಎಂದು ತಲೆ ಆಡಿಸಿದಳು. "ಎಬ್ಬಿಸಬ್ಯಾಡ್ರಿ. ಎದ್ದರ ಮತ್ತ ಸಿಟ್ಟಿಗೇಳ್ತಾಳ. ಸ್ವಲ್ಪ ಹೊತ್ತು ಹಿಂಗಽ ಇರ್ಲಿ."

ಹಾಗೇ ಕೂತೆವು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಹಿಂದಕ್ಕೆ ತಿರುಗಿ, ನ್ಯೂರೆಂಬರ್ಗಿನ ಬಗ್ಗೆ ಹೇಳು, ಮೊದಲಿನಿಂದ ಎಲ್ಲ ಹೇಳು ಎಂದೆ.

ನಂದಾ ನನ್ನನ್ನು ನೋಡಿದಳು. "ಮೊದಲಿಂದ ಅಂದ್ರ ಏರ್‌ಪೋರ್ಟಿನಿಂದ ವಾಪಸ್ ಹೋಗೋ ಮುಂದ ರೈಲಿನ್ಯಾಗ ಅತ್ತದ್ದರಿಂದ ಹೇಳ್ಬೇಕಾಗತೈತ್ರಿ."

ಅಲ್ಲಿಂದಲೇ ಹೇಳು ಎಂದೆ.